ಮೂರು ಕುದುರೆಯ ಗರಗಸ

‘ಸಾಲದು’ ಎಂಬ ಮಾತಿಗೆ ಈ ಪ್ರಪಂಚದಲ್ಲಿ ಸಾವಿಲ್ಲ. ಸಂಬಳ ಸಾಲದು, ಸ್ಥಳ ಸಾಲದು, ಸಮಯವಂತೂ ಯಾರಿಗೂ ಸಾಲದು. ಯಂತ್ರಗಳ ವಿಷಯಕ್ಕೆ ಬಂದರೆ ಈ ಮಾತಿಗೆ ಇನ್ನಷ್ಟು ಬಲ ಬರುತ್ತದೆ. ಅಡಿಗೆಮನೆಯ ಮಿಕ್ಸಿ ನೆನೆದ ಕಡಲೆಬೇಳೆಯ ಮುಂದೆ ಮುಗ್ಗರಿಸಿದರೆ ಗೃಹಿಣಿ, “ಇದಕ್ಕೆ ಶಕ್ತಿ ಸಾಲದು” ಎನ್ನುತ್ತಾಳೆ. ತೊಟ್ಟಿಯ ನೀರು ಮೂರನೆಯ ಮಹಡಿಗೆ ಏರದಿದ್ದರೆ ಮನೆಯ ಯಜಮಾನನೂ ಅದನ್ನೇ ಅನ್ನುತ್ತಾನೆ. ದೊಡ್ಡದೊಂದು ಮೋಟಾರು ತಂದು ಕೂರಿಸಿಬಿಟ್ಟರೆ ಎಲ್ಲವೂ ಸರಿಹೋದೀತೆಂಬ ನಂಬಿಕೆ ನಮ್ಮೆಲ್ಲರ ಮನಸ್ಸಿನಲ್ಲಿಯೂ ಬೇರುಬಿಟ್ಟಿದೆ. ಈ ನಂಬಿಕೆಯನ್ನು ಹತ್ತಿರದಿಂದ ಪರೀಕ್ಷಿಸಿ ನೋಡುವ ಅವಕಾಶ ನನಗೆ ಹಾರೋಹಳ್ಳಿಯಲ್ಲಿ ದೊರೆಯಿತು.

ಬೆಂಗಳೂರಿನಿಂದ ದಕ್ಷಿಣಕ್ಕೆ ಹೊರಟರೆ ಕನಕಪುರಕ್ಕಿಂತ ಮೊದಲು ಸಿಗುವ ಊರು ಹಾರೋಹಳ್ಳಿ. ಬಹುಕಾಲ ಕನಕಪುರ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಒಂದು ಮಗ್ಗುಲಿನಲ್ಲಿ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ. ಇನ್ನೊಂದು ಮಗ್ಗುಲಿನಲ್ಲಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಸಾಲು. 2021ರ ಜನವರಿಯಲ್ಲಿ ಮೆಟ್ರೋ ರೈಲು ಇದೇ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ ಬಂದಮೇಲೆ, ನಗರವು ಇತ್ತ ಕಡೆಗೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಹೊಸ ಮನೆಗಳೆದ್ದ ಕಡೆ ಬಾಗಿಲುಗಳು ಬೇಕು. ಬಾಗಿಲಿಗೆ ಚೌಕಟ್ಟು ಬೇಕು. ಹೀಗಾಗಿ ಹಾರೋಹಳ್ಳಿಯಲ್ಲಿರುವ ನನ್ನ ತಮ್ಮನ ಮರಗೆಲಸದ ಅಂಗಡಿಗೆ ಕೆಲಸಕ್ಕೆ ಬರವಿಲ್ಲ. ಗಣಿತದ ಮೇಷ್ಟ್ರಾಗಿ ಜೀವಮಾನ ಕಳೆದು ನಿವೃತ್ತನಾಗಿರುವ ನಾನು ವಾರಕ್ಕೆರಡು ದಿನ ಅಲ್ಲಿಗೆ ಹೋಗಿ ಲೆಕ್ಕದ ಪುಸ್ತಕ ಬರೆದುಕೊಡುತ್ತೇನೆ.

ಅಂಗಡಿಯಲ್ಲಿ ತಮ್ಮನಲ್ಲದೆ ಇನ್ನಿಬ್ಬರು. ಒಬ್ಬರು ಅರವತ್ತು ದಾಟಿದ ಮೇಸ್ತ್ರಿ. ಇನ್ನೊಬ್ಬ ಪಕ್ಕದ ಹಳ್ಳಿಯಿಂದ ಕೆಲಸ ಕಲಿಯಲು ಬರುತ್ತಿರುವ ಹತ್ತೊಂಬತ್ತು ವರ್ಷದ ಹುಡುಗ. ನಾಲ್ಕನೆಯ ಸದಸ್ಯನೆಂದರೆ ಮೇಜುಗರಗಸ; ಅಂಗಡಿಯವರ ಮಾತಿನಲ್ಲಿ ‘ಟೇಬಲ್ ಸಾ’. ಒಂದು ಕಬ್ಬಿಣದ ಮೇಜು, ಅದರ ನಡುವೆ ಒಂದು ಸೀಳು, ಆ ಸೀಳಿನಿಂದ ತಲೆಯೆತ್ತಿ ನಿಂತ ಹನ್ನೆರಡು ಅಂಗುಲದ ದುಂಡು ಬ್ಲೇಡು. ಮೇಜಿನ ಕೆಳಗೆ ಒಂದು ಎಚ್.ಪಿ. ಮೋಟಾರು, ಅದರಿಂದ ಬ್ಲೇಡಿನ ದಂಡಕ್ಕೆ ಒಂದು ಬೆಲ್ಟು. ಇಷ್ಟೇ ಅದರ ಸಂಸಾರ.

ಪ್ಲೈವುಡ್ಡು, ಒಂದು ಅಂಗುಲದ ಹಲಗೆ, ರಿಪೀಸು ಇವನ್ನೆಲ್ಲ ಅದು ಚಕಾರವೆತ್ತದೆ ಕೊಯ್ಯುತ್ತಿತ್ತು. ಕಳೆದ ವರ್ಷ ಮಾತ್ರ ದೀಪಾವಳಿಯೊಳಗೆ ನಲವತ್ತು ಬಾಗಿಲುಗಳ ಚೌಕಟ್ಟು ಒಪ್ಪಿಸುವ ಒಂದು ದೊಡ್ಡ ಕೆಲಸ ಬಂದಿತು. ಮರವೋ ಹೊನ್ನೆ ಮತ್ತು ಮತ್ತಿ. ದಪ್ಪವೋ ಮೂರು ಅಂಗುಲ. ಮರ ಅರ್ಧ ಅಡಿ ಮುಂದೆ ಹೋಗುವಷ್ಟರಲ್ಲಿ ಗರಗಸದ ಸ್ವರ ಇಳಿಯುವುದು, ಬೆಲ್ಟು ಸುಟ್ಟ ವಾಸನೆ ಬರುವುದು, ಕೊನೆಗೆ ಮೋಟಾರು ಗುಂಯ್‌ಗುಟ್ಟುತ್ತ ನಿಂತೇಬಿಡುವುದು. ಮುಂಗಡ ಹಣ ಆಗಲೇ ಮರಕ್ಕೆ ಖರ್ಚಾಗಿತ್ತು. ತಮ್ಮನ ಮುಖ ಸಣ್ಣದಾಯಿತು.

“ಅಣ್ಣ, ಇದಕ್ಕೆ ಮೂರು ಎಚ್.ಪಿ. ಮೋಟಾರು ಹಾಕಿಬಿಡ್ತೀನಿ. ಬೆಣ್ಣೆ ಕೊಯ್ದ ಹಾಗೆ ಕೊಯ್ಯುತ್ತೆ” ಎಂದ.

ಎಚ್.ಪಿ. ಎಂದರೆ ಕುದುರೆಯ ಶಕ್ತಿಯಷ್ಟೆ. ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟನು ತನ್ನ ಯಂತ್ರವು ಎಷ್ಟು ಕುದುರೆಗಳ ಕೆಲಸ ಮಾಡಬಲ್ಲುದೆಂಬುದನ್ನು ಗಿರಾಕಿಗಳಿಗೆ ತಿಳಿಸಲು ಈ ಅಳತೆಯನ್ನು ಬಳಕೆಗೆ ತಂದನು. ಒಂದು ನಿಮಿಷದಲ್ಲಿ 33,000 ಪೌಂಡು ಭಾರವನ್ನು ಒಂದು ಅಡಿ ಎತ್ತುವ ಸಾಮರ್ಥ್ಯಕ್ಕೆ ಒಂದು ಕುದುರೆಯ ಶಕ್ತಿ ಎಂದು ಹೆಸರು. ಇಂದಿನ ವಿದ್ಯುತ್ತಿನ ಲೆಕ್ಕದಲ್ಲಿ ಅದು 746 ವ್ಯಾಟು. ನಿಜವಾದ ಕುದುರೆಗೆ ಕಣ್ಣುಗಳಿವೆ, ದಣಿವಿದೆ, ಹೆದರಿಕೆಯೂ ಇದೆ. ಮೋಟಾರಿನ ಕುದುರೆಗೆ ಇವು ಯಾವುವೂ ಇಲ್ಲ. ಈ ವ್ಯತ್ಯಾಸದ ಅರ್ಥವನ್ನು ಮುಂದೆ ಮೇಸ್ತ್ರಿಗಳೇ ನಮಗೆ ತಿಳಿಸಿಕೊಟ್ಟರು.

ಮೋಟಾರಿನ ಮಾತು ಬಂದಾಗ ಮೇಸ್ತ್ರಿ ಒಪ್ಪಿದರೂ ಇಲ್ಲ, ನಿರಾಕರಿಸಿದರೂ ಇಲ್ಲ. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತಿಟ್ಟು, ಬ್ಲೇಡನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಹಲ್ಲುಗಳ ಮೇಲೆ ಮರದ ಅಂಟು ಕಪ್ಪಗೆ ಗಟ್ಟಿಕಟ್ಟಿತ್ತು. ತುದಿಗಳು ಸವೆದು ಗುಂಡಾಗಿದ್ದವು. ಅದೂ ಅಲ್ಲದೆ ಅದು ಅರವತ್ತು ಹಲ್ಲಿನ ಬ್ಲೇಡು. ಮರವನ್ನು ಅಡ್ಡಲಾಗಿ ನಯವಾಗಿ ತುಂಡರಿಸಲು ಅದು ಒಳ್ಳೆಯದು. ಎಳೆಯ ಉದ್ದಕ್ಕೆ ದಪ್ಪ ಮರವನ್ನು ಸೀಳುವಾಗ ಹಲ್ಲು ಕಡಿಮೆಯಿರಬೇಕು. ಹಲ್ಲುಹಲ್ಲಿನ ನಡುವೆ ಹೊಟ್ಟು ತುಂಬಿಕೊಂಡು ಹೊರಬೀಳಲು ಜಾಗವಿರಬೇಕು. ಜಾಗ ಸಾಲದಿದ್ದರೆ ಹೊಟ್ಟು ಅಲ್ಲಿಯೇ ಒತ್ತಿಕೊಂಡು, ಉಜ್ಜಿ, ಬಿಸಿಯಾಗುತ್ತದೆ. ಮೋಟಾರಿನ ಶಕ್ತಿ ಕೊಯ್ಯುವುದಕ್ಕೆ ಹೋಗದೆ ಉಜ್ಜುವುದಕ್ಕೆ ಹೋಗುತ್ತದೆ.

“ಮೊಂಡು ಕುಡುಗೋಲು ಹಿಡಿದು ರಾಗಿ ಕುಯ್ಯೋಕೆ ಹೋಗಿ, ನನ್ನ ರಟ್ಟೇಲಿ ಬಲ ಇಲ್ಲ ಅಂದಂಗಾಯ್ತು” ಎಂದು ಮೇಸ್ತ್ರಿ ನಕ್ಕರು.

ಇಪ್ಪತ್ನಾಲ್ಕು ಹಲ್ಲಿನ ಹರಿತವಾದ ಬ್ಲೇಡು ಬಂದಿತು. ಮರಕ್ಕೆ ಆಸರೆಯಾಗಿ ನಿಲ್ಲುವ ಪಕ್ಕದ ಪಟ್ಟಿ ಬ್ಲೇಡಿಗೆ ಸಮಾನಾಂತರವಾಗಿರದೆ ಹಿಂದಿನ ತುದಿಯಲ್ಲಿ ಸ್ವಲ್ಪ ಒಳಕ್ಕೆ ವಾಲಿತ್ತು, ಅದನ್ನೂ ಸರಿಪಡಿಸಿದರು. ಅದೇ ಹಳೆಯ ಒಂದು ಕುದುರೆಯ ಮೋಟಾರು ಎರಡು ಅಂಗುಲದ ಮತ್ತಿಯ ಮರವನ್ನು ನಿಲ್ಲದೆ ಕೊಯ್ದುಕೊಟ್ಟಿತು. ತಮ್ಮನಿಗೆ ಸಂತೋಷವೂ ಆಯಿತು, ಸ್ವಲ್ಪ ನಿರಾಶೆಯೂ ಆಯಿತು. ಹೊಸ ಮೋಟಾರಿನ ಆಸೆ ಅಷ್ಟು ಸುಲಭವಾಗಿ ಬಿಡುವುದಿಲ್ಲವಷ್ಟೆ.

ಎರಡನೆಯ ಕಳ್ಳ ಸಿಕ್ಕಿದ್ದು ತಂತಿಯಲ್ಲಿ. ಸಂಜೆಯ ವೇಳೆಯಲ್ಲಿಯೇ ಗರಗಸ ಹೆಚ್ಚಾಗಿ ಸೋಲುತ್ತಿದ್ದುದನ್ನು ನಾನು ಗಮನಿಸಿದ್ದೆ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅಳೆಸಿದಾಗ, 230 ಇರಬೇಕಾದ ವೋಲ್ಟೇಜು ಮೀಟರಿನ ಬಳಿಯಲ್ಲಿಯೇ 205 ಇತ್ತು. ಗರಗಸ ದಪ್ಪ ಮರವನ್ನು ಕಚ್ಚಿ ಏದುಸಿರು ಬಿಡುವಾಗ ಮೋಟಾರಿನ ಬಳಿ ಅದು 180ರ ಸುಮಾರಿಗೆ ಇಳಿಯುತ್ತಿತ್ತು. ಮೀಟರಿನಿಂದ ಗರಗಸಕ್ಕೆ ಮೂವತ್ತು ಮೀಟರು ದೂರ. ಎಳೆದಿದ್ದುದು ಒಂದೂವರೆ ಚದರ ಮಿಲಿಮೀಟರಿನ ತೆಳು ತಂತಿ. ಇಂತಹ ಮೋಟಾರಿನ ತಿರುಗುಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 230ಕ್ಕೆ ನೂರು ಪಾಲು ಬಲವಿದ್ದರೆ 180ಕ್ಕೆ ಅರವತ್ತೊಂದು ಪಾಲು ಮಾತ್ರ ಉಳಿಯುತ್ತದೆ. ನಮ್ಮ ಕುದುರೆಯ ಮೇವಿನಲ್ಲಿ ಐದರಲ್ಲೆರಡು ಪಾಲು ದಾರಿಯಲ್ಲಿಯೇ ಸೋರಿಹೋಗುತ್ತಿತ್ತು.

ಇದೇ ತಂತಿಗೆ ಮೂರು ಎಚ್.ಪಿ.ಯ ಸಿಂಗಲ್ ಫೇಸ್ ಮೋಟಾರನ್ನು ಜೋಡಿಸಿದರೆ ಏನಾಗುತ್ತಿತ್ತೆಂಬುದನ್ನು ಕಾಗದದ ಮೇಲೆ ಹಾಕಿ ನೋಡಿದೆ. ಅದು ಓಡುವಾಗ ಸುಮಾರು ಹದಿನೈದು ಆಂಪಿಯರು ಎಳೆಯುತ್ತದೆ. ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಆಗ ತಂತಿಯೊಂದರಲ್ಲಿಯೇ ಐವತ್ತಕ್ಕಿಂತ ಹೆಚ್ಚು ವೋಲ್ಟು ಕಳೆದುಹೋಗುತ್ತದೆ. ತಂತಿ ಬಿಸಿಯಾಗುತ್ತದೆ. ನೆಲದ ಮೇಲೆಲ್ಲ ಒಣಗಿದ ಹೊಟ್ಟು ಹರಡಿರುವ ಅಂಗಡಿಯಲ್ಲಿ ಬಿಸಿಯಾದ ತಂತಿಯ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ದೂರ ಹೆಚ್ಚಿದಂತೆ ತಂತಿಯಲ್ಲಿ ನಷ್ಟ ಹೆಚ್ಚುತ್ತದೆಂಬುದು ನಮ್ಮ ನಾಡಿಗೆ ಹೊಸ ಪಾಠವಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರು ಒಯ್ದಾಗ, ಈ ನಷ್ಟವನ್ನು ತಗ್ಗಿಸಲೆಂದೇ ವೋಲ್ಟೇಜನ್ನು ಬಹಳ ಎತ್ತರಕ್ಕೇರಿಸಿ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದೂ ಅದೇ ಕಾವೇರಿಯ ಶಕ್ತಿಯಿಂದ. ಅಂದಿನವರು 147 ಕಿಲೋಮೀಟರಿಗೆ ತೋರಿದ ಎಚ್ಚರವನ್ನು ನಾವು ಮೂವತ್ತು ಮೀಟರಿಗಾದರೂ ತೋರಬೇಕಷ್ಟೆ. ನಾಲ್ಕು ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಎಳೆಸಿದೆವು.

ಇಷ್ಟಾದರೂ ಮೂರು ಅಂಗುಲದ ಹೊನ್ನೆಯನ್ನು ದಿನವೆಲ್ಲ ಕೊಯ್ಯುವುದು ಒಂದು ಕುದುರೆಯ ಕೆಲಸವಾಗಿರಲಿಲ್ಲ. ಒಂದು ಗಂಟೆ ಓಡಿದರೆ ಮೋಟಾರಿನ ಮೈ ಮುಟ್ಟಲಾಗದಷ್ಟು ಸುಡುತ್ತಿತ್ತು. ಇನ್ನು ದೊಡ್ಡ ಮೋಟಾರು ಬೇಕೇಬೇಕೆಂದು ಮೇಸ್ತ್ರಿಯೂ ಒಪ್ಪಿದರು. ಚನ್ನಪಟ್ಟಣದಲ್ಲಿ ಆಟಿಕೆ ಮಾಡುವವರೊಬ್ಬರ ಬಳಿ, ಹಿಂದೆ ನೀರಿನ ಪಂಪಿಗೆ ಹಾಕಿದ್ದ ಮೂರು ಎಚ್.ಪಿ. ಮೋಟಾರು ಅಗ್ಗದ ಬೆಲೆಗೆ ಇದೆಯೆಂದು ತಮ್ಮನಿಗೆ ಸುದ್ದಿ ಬಂದಿತು. ರಾಮನಗರದ ಮಾರ್ಗವಾಗಿ ಇಬ್ಬರೂ ಹೋದೆವು.

ಚನ್ನಪಟ್ಟಣದ ಗೊಂಬೆಗಳನ್ನು ಕಾಣದವರು ಯಾರು? ಹಾಲೆಮರದ ಬಿಳಿಯ ತುಂಡು ಲೇತಿನ ಮೇಲೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಹಿಂದಿನವರು ಬಿಲ್ಲಿನ ಹಗ್ಗವನ್ನು ಸುತ್ತಿ, ಹಿಂದಕ್ಕೂ ಮುಂದಕ್ಕೂ ಎಳೆದು ಮರವನ್ನು ತಿರುಗಿಸುತ್ತಿದ್ದರು. ಅನಂತರ ಮೋಟಾರಿನ ಲೇತುಗಳು ಬಂದವು. ವೇಗವನ್ನು ಕೈಬೆರಳಿನಿಂದಲೇ ಅಳೆಯಬಲ್ಲ ಜನ ಅವರು.

ಆ ಕೆಲಸಗಾರರು ಮೋಟಾರನ್ನು ತೋರಿಸುವ ಮೊದಲೇ, “ಯಾವುದಕ್ಕೆ ಹಾಕ್ತೀರಿ ಸಾರ್? ಪುಲ್ಲಿ ಎಷ್ಟೆಷ್ಟು ಅಂಗುಲ?” ಎಂದು ಕೇಳಿದರು. ನಮ್ಮ ಮೋಟಾರಿಗೆ ಆರು ಅಂಗುಲದ ಪುಲ್ಲಿ, ಬ್ಲೇಡಿನ ದಂಡಕ್ಕೆ ಮೂರು ಅಂಗುಲದ್ದು ಎಂದು ತಮ್ಮ ಹೇಳಿದ. ಅವರು ಮೋಟಾರಿನ ಮೈಮೇಲಿನ ಫಲಕವನ್ನು ಬಟ್ಟೆಯಿಂದ ಒರಸಿ ತೋರಿಸಿದರು. ನಿಮಿಷಕ್ಕೆ 2880 ಸುತ್ತು ಎಂದಿತ್ತು. ನಮ್ಮ ಹಳೆಯ ಮೋಟಾರಿನದು 1440.

“ಬಲ ನೋಡಿಕೊಂಡು ಬಂದಿದೀರಿ, ವೇಗ ನೋಡಿಲ್ಲ. ಇದು ನಿಮಗೆ ಬೇಡ” ಎಂದರು. ಮಾರಾಟಕ್ಕಿಟ್ಟ ವಸ್ತುವನ್ನು ಬೇಡವೆಂದು ಹೇಳಿ ಕಳಿಸಿದ ಆ ದೊಡ್ಡ ಮನಸ್ಸಿಗೆ ನಾನು ಇಂದಿಗೂ ಕೃತಜ್ಞ.

ಹಿಂದಿರುಗುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. 1440 ಸುತ್ತಿನ ಮೋಟಾರಿಗೆ ನಮ್ಮ ಪುಲ್ಲಿಗಳಿದ್ದರೆ ಬ್ಲೇಡು ನಿಮಿಷಕ್ಕೆ 2880 ಸುತ್ತು ತಿರುಗುತ್ತದೆ. ಹನ್ನೆರಡು ಅಂಗುಲದ ಬ್ಲೇಡಿನ ಅಂಚಿನಲ್ಲಿರುವ ಹಲ್ಲು ಆಗ ಗಂಟೆಗೆ ಸುಮಾರು 165 ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ. ನಾವು ಕುಳಿತಿದ್ದ ಬಸ್ಸು ಕನಸಿನಲ್ಲಿಯೂ ಕಾಣದ ವೇಗ. ಅದೇ ಪುಲ್ಲಿಗಳಿಗೆ ಚನ್ನಪಟ್ಟಣದ ಮೋಟಾರನ್ನು ಕಟ್ಟಿದ್ದರೆ ಅದು 330 ಕಿಲೋಮೀಟರಾಗುತ್ತಿತ್ತು. ಪ್ರತಿಯೊಂದು ಒಳ್ಳೆಯ ಬ್ಲೇಡಿನ ಮೇಲೂ ಅದು ತಾಳಬಲ್ಲ ಗರಿಷ್ಠ ಸುತ್ತುಗಳ ಸಂಖ್ಯೆಯನ್ನು ಕೆತ್ತಿರುತ್ತಾರೆ. ಅದನ್ನು ಮೀರಿದರೆ ಹಲ್ಲಿನ ತುದಿಗೆ ಬೆಸೆದ ಗಟ್ಟಿ ಲೋಹದ ಚೂರು ಕಿತ್ತುಬಂದು ಗುಂಡಿನಂತೆ ಹಾರಬಹುದು. ಬಲವೇ ಬೇರೆ, ವೇಗವೇ ಬೇರೆ. ನಮಗೆ ಬೇಕಾಗಿದ್ದುದು ಅದೇ ವೇಗದಲ್ಲಿ ಮೂರು ಪಟ್ಟು ಬಲ.

ಕೊನೆಗೆ 1440 ಸುತ್ತಿನ, ತ್ರೀ ಫೇಸಿನ ಹೊಸ ಮೋಟಾರನ್ನೇ ಕೊಳ್ಳುವುದೆಂದು ನಿಶ್ಚಯವಾಯಿತು. ತ್ರೀ ಫೇಸಾದರೆ ಹೊರೆ ಮೂರು ತಂತಿಗಳಿಗೆ ಹಂಚಿಹೋಗಿ ಒಂದೊಂದರಲ್ಲಿ ಸುಮಾರು ಐದು ಆಂಪಿಯರು ಮಾತ್ರ ಹರಿಯುತ್ತದೆ. ಬೆಸ್ಕಾಂ ಕಚೇರಿಗೆ ಹೆಚ್ಚುವರಿ ಲೋಡಿಗಾಗಿ ಅರ್ಜಿ ಹೋಯಿತು. ಆ ದಿನ ಸಂಜೆ ಅಂಗಡಿಯಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದಾಗ ಮೇಸ್ತ್ರಿ ತಮ್ಮ ಎಡಗೈಯನ್ನು ಮೇಜಿನ ಮೇಲಿಟ್ಟರು. ತೋರುಬೆರಳಿಗೆ ಮೇಲಿನ ಗೆಣ್ಣು ಇರಲಿಲ್ಲ. ಎಷ್ಟೋ ವರ್ಷದಿಂದ ನೋಡಿದ್ದರೂ ನಾವು ಎಂದೂ ಕೇಳಿರಲಿಲ್ಲ.

“ಸಾ ಮಿಲ್ಲಿನಲ್ಲಿದ್ದಾಗ ಹೋಗಿದ್ದು ಸ್ವಾಮಿ. ಅಲ್ಲಿನ ಗರಗಸಕ್ಕೆ ಹತ್ತು ಕುದುರೆ. ಮರ ಬ್ಲೇಡನ್ನ ಕಚ್ಕೊಂಡ್ತು. ಈ ನಮ್ಮ ಬಡಪಾಯಿ ಆಗಿದ್ರೆ ನಿಂತೋಗ್ತಿತ್ತು. ಅದು ನಿಲ್ಲಲಿಲ್ಲ. ಮರಾನ ಎತ್ತಿ ನನ್ನ ಕಡೇಗೆ ಎಸೀತು. ಮರದ ಮೇಲಿದ್ದ ಕೈ ಜಾರಿ ಬ್ಲೇಡಿನ ಮೇಲೆ ಬಿತ್ತು. ಕೂಗೋ ಹೊತ್ಗೆ ಎಲ್ಲಾ ಮುಗಿದಿತ್ತು.”

ನಾನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆ. ಅಪಾಯವನ್ನು ಕಂಡು ಕೈ ಹಿಂದಕ್ಕೆಳೆಯಲು ಮನುಷ್ಯನಿಗೆ ಸುಮಾರು ಐದನೆಯ ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ನಮ್ಮ ಬ್ಲೇಡು ಒಂಬತ್ತು ಸುತ್ತು ದಾಟಿರುತ್ತದೆ. ಇನ್ನೂರಕ್ಕೂ ಹೆಚ್ಚು ಹಲ್ಲುಗಳು ಒಂದೇ ಜಾಗವನ್ನು ಹಾದುಹೋಗಿರುತ್ತವೆ.

ಮರ ಹಿಂದಕ್ಕೆ ಹಾರುವ ಕಾರಣವನ್ನೂ ಮೇಸ್ತ್ರಿ ತಿಳಿಸಿದರು. ಬ್ಲೇಡಿನ ಮುಂಭಾಗದ ಹಲ್ಲುಗಳು ಮರವನ್ನು ಕೆಳಕ್ಕೆ, ಮೇಜಿಗೆ ಒತ್ತುತ್ತವೆ. ಹಿಂಭಾಗದ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಬರುತ್ತವೆ. ಸೀಳಿದ ಎರಡು ಹೋಳುಗಳು ಮರದೊಳಗಿನ ಬಿಗುವಿನಿಂದ ಮತ್ತೆ ಹತ್ತಿರ ಬಂದು ಹಿಂಭಾಗದ ಹಲ್ಲುಗಳನ್ನು ಹಿಡಿದರೆ, ಆ ಹಲ್ಲುಗಳು ಮರವನ್ನೆತ್ತಿ ಕೊಯ್ಯುವವನ ಕಡೆಗೆ ಎಸೆಯುತ್ತವೆ. ಸಣ್ಣ ಮೋಟಾರಾದರೆ ಆ ಹಿಡಿತಕ್ಕೆ ಸೋತು ಹಲವು ಸಲ ನಿಂತುಬಿಡುತ್ತದೆ. ಇಷ್ಟು ದಿನ ನಾವು ಅದರ ದೋಷವೆಂದು ಬೈಯುತ್ತಿದ್ದ ಆ ಸೋಲೇ ನಮ್ಮ ಹುಡುಗನಿಗೆ ಒಂದು ಬಗೆಯ ಕಾವಲಾಗಿತ್ತು. ಬಲವನ್ನು ಮೂರು ಪಟ್ಟು ಮಾಡುವವರು ಆ ಕಾವಲನ್ನು ತೆಗೆದುಹಾಕುತ್ತಾರೆ. ಅದರ ಜಾಗಕ್ಕೆ ಬೇರೊಂದು ಕಾವಲನ್ನು ತಾವೇ ತಂದಿಡಬೇಕು.

ಮೊದಲ ಕಾವಲು ಬ್ಲೇಡಿನ ಹಿಂದೆ ನಿಲ್ಲಿಸಿದ ಒಂದು ಉಕ್ಕಿನ ತಗಡು. ಅದು ಸೀಳಿದ ಹೋಳುಗಳ ನಡುವೆ ನಿಂತು ಅವು ಹತ್ತಿರವಾಗದಂತೆ ತಡೆಯುತ್ತದೆ. ಎರಡನೆಯದು ಬ್ಲೇಡಿನ ಮೇಲಣ ಮುಚ್ಚಳ. ಮೂರನೆಯದು ಮರದ ಕೊನೆಯ ಗೇಣನ್ನು ಕೈಗೆ ಬದಲಾಗಿ ತಳ್ಳುವ ಕೋಲು. ಒಂದು ಬೆಲ್ಟಿದ್ದ ಕಡೆ ಎರಡು ಬೆಲ್ಟು ಕೂರುವ ಪುಲ್ಲಿಗಳನ್ನು ಹಾಕಿಸಿದೆವು. ಮೇಜಿನ ಕಾಲುಗಳನ್ನು ನೆಲಕ್ಕೆ ಬೋಲ್ಟಿನಿಂದ ಬಿಗಿಸಿದೆವು.

ನಾಲ್ಕನೆಯ ಕಾವಲಿನ ವಿಷಯದಲ್ಲಿ ಸ್ವಲ್ಪ ವಾದವೇ ನಡೆಯಿತು. ಮೋಟಾರು ಕೂರಿಸಲು ಬಂದ ಎಲೆಕ್ಟ್ರಿಷಿಯನ್ ಸುತ್ತಲಿನ ಹೊಲಗಳ ಪಂಪುಸೆಟ್ಟುಗಳಲ್ಲಿ ಕೈ ಪಳಗಿದವನು. ಹೊಲಕ್ಕೆ ತ್ರೀ ಫೇಸ್ ಕರೆಂಟು ಬರುವುದು ದಿನದ ಕೆಲವೇ ಗಂಟೆ, ಎಷ್ಟೋ ವೇಳೆ ನಡುರಾತ್ರಿಯಲ್ಲಿ. ಆದುದರಿಂದ ಕರೆಂಟು ಬಂದೊಡನೆ ತಾನಾಗಿಯೇ ಪಂಪು ಹೊರಡುವಂತೆ ಆಟೋ ಸ್ಟಾರ್ಟರು ಹಾಕುತ್ತಾರೆ. ರೈತನಿಗೆ ಅದು ನಿದ್ದೆಯ ವರ. ಅದೇ ಅಭ್ಯಾಸದಿಂದ ಆತ ಗರಗಸಕ್ಕೂ ಅದನ್ನೇ ತೆಗೆದನು.

“ಬೇಡಪ್ಪಾ, ಬೇಡ!” ಎಂದು ಮೇಸ್ತ್ರಿ ಅವನ ಕೈ ಹಿಡಿದರು. “ಕರೆಂಟು ಹೋದಾಗ ಈ ಹುಡುಗ ಏನು ಮಾಡ್ತಾನೆ? ಕೈ ಹಾಕಿ ಬ್ಲೇಡಿನ ಸುತ್ತ ಹೊಟ್ಟು ಬಳೀತಾನೆ. ಆಗ ಕರೆಂಟು ಬಂದ್ರೆ?”

ಯಾರೂ ಮಾತನಾಡಲಿಲ್ಲ. ಎಲೆಕ್ಟ್ರಿಷಿಯನ್ ಆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಕರೆಂಟು ಹೋದರೆ ತಾನೂ ಬಿಟ್ಟುಕೊಂಡು, ಮನುಷ್ಯ ಬಂದು ಹಸಿರು ಗುಂಡಿ ಒತ್ತುವವರೆಗೂ ಹೊರಡದ ಸ್ಟಾರ್ಟರನ್ನು ಹಾಕಿದನು. ಹೊರೆ ಮಿತಿ ಮೀರಿದರೂ ಅದು ಮೋಟಾರನ್ನು ನಿಲ್ಲಿಸುತ್ತದೆ. ನಿಲ್ಲಿಸುವ ದೊಡ್ಡ ಕೆಂಪು ಗುಂಡಿಯನ್ನು, ಎರಡು ಕೈಗಳೂ ಮರದ ಮೇಲಿದ್ದಾಗ ಮೊಣಕಾಲಿನಿಂದಲೇ ಒತ್ತಬಹುದಾದ ಎತ್ತರದಲ್ಲಿ ಕೂರಿಸಿದರು.

ಬೆರಳನ್ನು ಗುರುತಿಸಿ ತಾನೇ ನಿಲ್ಲುವ ಗರಗಸವೂ ಪ್ರಪಂಚದಲ್ಲಿ ಇಲ್ಲದಿಲ್ಲ. ಭೌತಶಾಸ್ತ್ರ ಓದಿ ವಕೀಲರಾಗಿದ್ದ ಅಮೆರಿಕದ ಸ್ಟೀಫನ್ ಗ್ಯಾಸ್ ಎಂಬುವರು 1999ರಲ್ಲಿ ಅದರ ಉಪಾಯವನ್ನು ಕಂಡುಹಿಡಿದರು. ಮರ ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ, ಮನುಷ್ಯನ ಮೈ ಒಯ್ಯುತ್ತದೆ. ಬ್ಲೇಡಿಗೆ ಚರ್ಮ ತಗುಲಿದ ಕ್ಷಣವೇ ಅದರಲ್ಲಿನ ಸಂಕೇತ ಬದಲಾಗಿ, ಅಲ್ಯೂಮಿನಿಯಮ್ಮಿನ ತುಂಡೊಂದು ಹಲ್ಲುಗಳಿಗೆ ನುಗ್ಗಿ, ಸುಮಾರು ಐದು ಮಿಲಿಸೆಕೆಂಡಿನಲ್ಲಿ ಬ್ಲೇಡನ್ನು ನಿಲ್ಲಿಸುತ್ತದೆ. ಬ್ಲೇಡು ಹಾಳಾಗುತ್ತದೆ, ಬೆರಳು ಉಳಿಯುತ್ತದೆ. 2004ರಲ್ಲಿ ‘ಸಾಸ್ಟಾಪ್’ ಎಂಬ ಹೆಸರಿನಿಂದ ಅಂತಹ ಗರಗಸ ಮಾರುಕಟ್ಟೆಗೆ ಬಂದಿತು. ನಮ್ಮಂತಹ ಸಣ್ಣ ಅಂಗಡಿಗಳಿಗೆ ಅದು ಇನ್ನೂ ಕೈಗೆಟುಕದ ವಸ್ತು. ಸದ್ಯಕ್ಕೆ ಉಕ್ಕಿನ ತಗಡು, ತಳ್ಳುವ ಕೋಲು, ಮೇಸ್ತ್ರಿಯ ಕಣ್ಣು ಇವೇ ನಮ್ಮ ರಕ್ಷೆ.

ಲೆಕ್ಕದ ಪುಸ್ತಕದಲ್ಲಿ ಎಲ್ಲವನ್ನೂ ಕೂಡಿಸಿ ನೋಡಿದರೆ, ಮೋಟಾರಿಗೆ ಆದಷ್ಟೇ ಖರ್ಚು ಅದಕ್ಕೆ ಬೇಕಾದ ತಂತಿ, ಪುಲ್ಲಿ, ಸ್ಟಾರ್ಟರು, ತಗಡುಗಳಿಗೂ ಆಗಿತ್ತು. ತಮ್ಮ ಈ ಸಲ ಗೊಣಗಲಿಲ್ಲ. ಮನೆಗೆ ದೊಡ್ಡ ಪಂಪನ್ನೋ, ಹೆಚ್ಚು ವ್ಯಾಟಿನ ಯಂತ್ರವನ್ನೋ ಕೊಳ್ಳಲು ಹೊರಟಿರುವ ವಾಚಕರಿಗೆ ನಾನು ಹೇಳಬಹುದಾದುದೂ ಇಷ್ಟೆ. ಹಳೆಯದರ ಶಕ್ತಿ ಎಲ್ಲಿ ಸೋರುತ್ತಿದೆಯೆಂದು ಮೊದಲು ನೋಡಿ; ಆಮೇಲೆ ಹೊಸ ಶಕ್ತಿಯ ದಾರಿಯಲ್ಲಿ ಏನೇನು ನಿಂತಿದೆ, ಯಾರು ನಿಂತಿದ್ದಾರೆ ಎಂಬುದನ್ನೂ ನೋಡಿ.

ಚೌಕಟ್ಟುಗಳು ದೀಪಾವಳಿಗೆ ನಾಲ್ಕು ದಿನ ಮೊದಲೇ ಸಿದ್ಧವಾದವು. ಹುಡುಗನಿಗೆ ಹಬ್ಬದ ಹಣ ಕೊಡುವ ದಿನ ಅವನ ತಾಯಿಯೂ ಜೊತೆಗೆ ಬಂದಿದ್ದರು. ಹೊಸ ಮೋಟಾರಿನ ಬಲವನ್ನು ತಮ್ಮ ಉತ್ಸಾಹದಿಂದ ಬಣ್ಣಿಸಿದ. ಆಕೆ ಸೆರಗನ್ನು ಬಿಗಿಯಾಗಿ ಹೊದ್ದು, ದೂರದಲ್ಲಿಯೇ ನಿಂತು ಎಲ್ಲವನ್ನೂ ಕೇಳಿದರು.

“ಓಡೋದು ಗೊತ್ತಾಯ್ತು ಸ್ವಾಮಿ, ನಿಲ್ಲೋದು ಹೆಂಗೆ, ಅದನ್ನ ತೋರಿಸಿ” ಎಂದರು.

ಮೇಸ್ತ್ರಿ ಗರಗಸವನ್ನು ಹೊರಡಿಸಿ, ಅವರನ್ನು ಪಕ್ಕಕ್ಕೆ ಕರೆದು, ಕೆಂಪು ಗುಂಡಿಯನ್ನು ಅವರ ಕೈಯಿಂದಲೇ ಒತ್ತಿಸಿದರು. ಸದ್ದು ಅಡಗಿತು, ಬ್ಲೇಡು ಮಾತ್ರ ಇನ್ನೂ ಕೆಲವು ಸೆಕೆಂಡು ತಿರುಗುತ್ತಲೇ ಇದ್ದಿತು. ಹಲ್ಲುಗಳು ಒಂದೊಂದಾಗಿ ಕಣ್ಣಿಗೆ ಕಾಣುವಂತಾಗಿ, ಕೊನೆಯ ಹಲ್ಲೂ ನಿಶ್ಚಲವಾಗುವವರೆಗೆ ಆಕೆ ಗುಂಡಿಯಿಂದ ಕೈ ತೆಗೆಯಲಿಲ್ಲ.